ಋತುಬಂಧದ ನಂತರ ಶ್ರಾವಿಕೆಯರ ಹೃದಯದ ಆರೋಗ್ಯ ಮತ್ತು ಆಹಾರ

ಸತತ 12 ತಿಂಗಳು ಮುಟ್ಟು ನಿಂತರೆ ಅದನ್ನು ಋತುಬಂಧ ಎನ್ನುತ್ತಾರೆ. ನಮ್ಮ ದೇಶದ ಹೆಚ್ಚಿನ ಮಹಿಳೆಯರಲ್ಲಿ ಇದು 45ರಿಂದ 50 ವರ್ಷದೊಳಗೆ ಆಗುತ್ತದೆ. ಅಲ್ಲಿಯವರೆಗೆ ರಕ್ತನಾಳಗಳನ್ನು ಕಾಪಾಡುತ್ತಿದ್ದ ಈಸ್ಟ್ರೋಜೆನ್ ಹಾರ್ಮೋನು ಕುಗ್ಗುವುದರಿಂದ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಸಂಭವವೂ ಹೆಚ್ಚುತ್ತದೆ. ಶುದ್ಧ ಸಸ್ಯಾಹಾರಿಗಳಿಗೆ ಹೃದಯರೋಗ ಬಾರದು ಎಂಬ ನಂಬಿಕೆ ಸರಿಯಲ್ಲ. ತುಪ್ಪ, ಕರಿದ ತಿಂಡಿ, ಸಿಹಿ, ಉಪ್ಪು ಇವೆಲ್ಲವೂ ಸಸ್ಯಾಹಾರವೇ.

ತಟ್ಟೆಯಲ್ಲಿ ಏನಿರಬೇಕು?

* ಧಾನ್ಯ: ಬಿಳಿ ಅನ್ನ, ಮೈದಾ ತಗ್ಗಿಸಿ ಜೋಳ, ರಾಗಿ, ನವಣೆ, ಕುಚ್ಚಲಕ್ಕಿ ಬಳಸಿ.
* ಬೇಳೆ-ಕಾಳು: ಹೆಸರು, ತೊಗರಿ, ಕಡಲೆ, ಅಲಸಂದೆ ದಿನವೂ ಇರಲಿ. ಇವುಗಳ ನಾರಿನಂಶ ಕೊಲೆಸ್ಟರಾಲ್ ಇಳಿಸಲು ನೆರವಾಗುತ್ತದೆ.
* ತರಕಾರಿ: ಕಂದಮೂಲ ಬಿಟ್ಟರೆ ಕೊರತೆಯೇನೂ ಇಲ್ಲ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರು ಹೀರೆ, ಸೋರೆ, ಪಡವಲ, ತೊಂಡೆ, ಬೆಂಡೆಕಾಯಿಗಳನ್ನು ಹೆಚ್ಚಿಸಬಹುದು.
* ಒಳ್ಳೆಯ ಕೊಬ್ಬು: ಹುರಿದು ಪುಡಿ ಮಾಡಿದ ಅಗಸೆ ಬೀಜ ಒಂದು ಚಮಚ, ಬಾದಾಮಿ ಅಥವಾ ಅಕ್ರೋಟು ಒಂದು ಸಣ್ಣ ಹಿಡಿ. ತುಪ್ಪ, ಕೊಬ್ಬರಿ ಎಣ್ಣೆ ಮಿತವಾಗಿರಲಿ.
* ಉಪ್ಪು: ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಲ್ಲಿರುವುದೂ ಈ ಲೆಕ್ಕಕ್ಕೆ ಸೇರುತ್ತದೆ.

ಬಿ12 ಜೀವಸತ್ವ ನಮಗೆ ಹಾಲು-ಮೊಸರಿನಿಂದ ಮಾತ್ರ ಸಿಗುವುದರಿಂದ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ವ್ರತಗಳು ಮತ್ತು ಔಷಧಿ

ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯ, ತುಪ್ಪ-ಎಣ್ಣೆ-ಸಿಹಿ-ಉಪ್ಪುಗಳಲ್ಲಿ ಕೆಲವನ್ನು ತ್ಯಜಿಸುವ ರಸಪರಿತ್ಯಾಗ ಇವೆರಡೂ ಬಾಹ್ಯ ತಪಗಳು. ಈ ವಯಸ್ಸಿನಲ್ಲಿ ಹೃದಯಕ್ಕೂ ಹಿತ. ಆದರೆ ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಉಪವಾಸ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ನುಂಗುವವರು ನಿರ್ಜಲವಿದ್ದರೆ ತಲೆಸುತ್ತಿ ಬೀಳಬಹುದು. ದಶಲಕ್ಷಣ ಪರ್ವಕ್ಕೆ ಮೊದಲೇ ವೈದ್ಯರ ಬಳಿ ಮಾತನಾಡಿ. ಇಂಥವರಿಗೆ ಉಪವಾಸದ ಬದಲು ಏಕಾಶನವೋ ರಸತ್ಯಾಗವೋ ಸೂಕ್ತವಾದೀತು.

ರಾತ್ರಿ ಏನನ್ನೂ ಸೇವಿಸುವುದಿಲ್ಲವೆಂದು ಮಾತ್ರೆಯನ್ನೇ ಬಿಡಬೇಡಿ. ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್‌ನಂತಹ ಕೊಲೆಸ್ಟರಾಲ್ ಮಾತ್ರೆಗಳನ್ನು ಹಗಲಿನಲ್ಲೂ ತೆಗೆದುಕೊಳ್ಳಬಹುದು. ನಿಮ್ಮ ನಿಯಮವನ್ನು ವೈದ್ಯರಿಗೆ ತಿಳಿಸಿ, ಸೂರ್ಯಾಸ್ತದೊಳಗಿನ ವೇಳೆ ಕೇಳಿ ಬರೆಸಿಕೊಳ್ಳಿ.

ಈ ಲಕ್ಷಣಗಳನ್ನು ಕಡೆಗಣಿಸಬೇಡಿ

ಹೃದಯಾಘಾತದಲ್ಲಿ ಮಹಿಳೆಯರಿಗೂ ಎದೆನೋವು ಬರುವುದೇ ಹೆಚ್ಚು. ಆದರೆ ಕೆಲವರಲ್ಲಿ ಉಸಿರುಗಟ್ಟುವಿಕೆ, ವಾಕರಿಕೆ, ದವಡೆ ಅಥವಾ ಬೆನ್ನುನೋವು, ತಣ್ಣನೆಯ ಬೆವರು, ಎಂದೂ ಇಲ್ಲದ ಆಯಾಸ ಮಾತ್ರ ಕಾಣಬಹುದು. ಉಪವಾಸದ ದಿನ ಇವನ್ನು ಪಿತ್ತ, ನಿಶ್ಶಕ್ತಿ ಎಂದು ಸುಮ್ಮನಾಗುವುದೇ ಅಪಾಯ. ಪಾರಣೆಯವರೆಗೆ ಕಾಯದೆ ತಕ್ಷಣ 108ಕ್ಕೆ ಕರೆ ಮಾಡಿ.

ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ವಾರದಲ್ಲಿ 150 ನಿಮಿಷ ಚುರುಕಾಗಿ ನಡೆಯಿರಿ. ಬಸದಿಗೆ ನಡೆದೇ ಹೋಗಿಬಂದರೆ ಅದರಲ್ಲಿ ಒಂದು ಪಾಲು ತೀರಿದಂತೆ.