ತಂಬೂರಿಯ ಪದ, ಗಿಟಾರಿನ ಆಲ್ಬಮ್

‘ಆಲ್ಬಮ್’ ಎಂಬ ಮಾತು ಈಗ ಕನ್ನಡದ್ದೇ ಎನ್ನುವಷ್ಟು ನಮ್ಮ ಬಾಯಿಗೆ ಹತ್ತಿದೆ. ಅದರ ಮೂಲ ಲ್ಯಾಟಿನ್, ಅರ್ಥ ‘ಬಿಳಿಯದು’. ಪ್ರಾಚೀನ ರೋಮಿನಲ್ಲಿ ಸರ್ಕಾರದ ಪ್ರಕಟಣೆಗಳನ್ನು ಬರೆದು ನಿಲ್ಲಿಸುತ್ತಿದ್ದ ಬಿಳಿ ಹಲಗೆಗೆ ಆ ಹೆಸರಿತ್ತು. ನಮ್ಮಲ್ಲಿ ಇದಕ್ಕೆ ಎದುರು ಬಣ್ಣದ ವಸ್ತುವೊಂದು ಇದ್ದಿತು: ಕಡತ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಪದರ ಪದರವಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಒಂದು ಬಿಳಿದು, ಒಂದು ಕರಿದು. ಎರಡರ ಉದ್ದೇಶವೂ ಒಂದೇ. ಮರೆತು ಹೋಗುವುದನ್ನು ಉಳಿಸುವುದು.

ಈ ಹೆಸರು ಸಂಗೀತಕ್ಕೆ ಬಂದ ಬಗೆಯನ್ನು ವಾಚಕರು ತಿಳಿಯತಕ್ಕದ್ದು. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ಸುಮಾರು 3 ನಿಮಿಷದ ಹಾಡು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ, ಗಂಟೆಗಟ್ಟಲೆ ಬೆಳೆಯಬಲ್ಲ ರಾಗವನ್ನು ಆ ಅಳತೆಗೆ ಇಳಿಸಿ, ಕೊನೆಗೆ ತನ್ನ ಹೆಸರನ್ನು ತಾನೇ ಹೇಳಿದಳು. ನಮ್ಮ ಪದಕಾರರ ಅಂಕಿತದ ಯಂತ್ರಯುಗದ ರೂಪ ಇದೆಂದರೆ ತಪ್ಪಾಗದು. ಇಂತಹ ಹಲವು ತಟ್ಟೆಗಳನ್ನು ಪುಸ್ತಕದಂತೆ ಕಟ್ಟಿ ಮಾರತೊಡಗಿದಾಗ, ಆ ಕಟ್ಟಿಗೆ ‘ಆಲ್ಬಮ್’ ಎಂಬ ಹೆಸರು ಬಂದಿತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ದೀರ್ಘಾವಧಿಯ ತಟ್ಟೆಯನ್ನು ತಂದಿತು. ಕಟ್ಟು ಹೋಯಿತು, ಹೆಸರು ಉಳಿಯಿತು.

ರಾಕ್ ತಂಡಗಳು ಈ ತಟ್ಟೆಗೆ ಬೇರೊಂದು ಗೌರವ ತಂದವು. ಇಂಗ್ಲೆಂಡಿನ ಬೀಟಲ್ಸ್ ತಂಡ 1966ರಲ್ಲಿ ಊರೂರು ತಿರುಗಿ ಹಾಡುವುದನ್ನು ನಿಲ್ಲಿಸಿ ಸ್ಟುಡಿಯೋದಲ್ಲಿ ಕುಳಿತಿತು. 1967ರಲ್ಲಿ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ ಹೊರಬಂದಿತು. ಅಲ್ಲಿಂದ ಮುಂದೆ ಆಲ್ಬಮ್ ಎಂದರೆ ಬಿಡಿ ಹಾಡುಗಳ ಕಂತೆಯಲ್ಲ, ಒಂದು ಕೃತಿ ಎಂಬ ಭಾವನೆ ಬಲಿಯಿತು. ನಮ್ಮ ಲಾಕ್ಷಣಿಕರ ಮಾತಿನಲ್ಲಿ ಹೇಳುವುದಾದರೆ, ಮುಕ್ತಕವು ಪ್ರಬಂಧವಾಯಿತು.

ಈಗ ಕನ್ನಡದ ಕಡೆಗೆ ಬರೋಣ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ತಮ್ಮ ತಂಡದೊಡನೆ 2008ರಲ್ಲಿ ಮೊದಲ ಆಲ್ಬಮ್ ಹೊರತಂದರು. ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆಗೆ ಅದರಲ್ಲಿ ಶಿಶುನಾಳ ಶರೀಫರ ಎರಡು ಪದಗಳಿವೆ: ಗುಡುಗುಡಿಯ ಪದ ಒಂದು, ಸೋರುವ ಮಾಳಿಗೆಯ ಪದ ಇನ್ನೊಂದು. 2010ರಲ್ಲಿ ಈ ತಂಡ ಬಿ.ಬಿ.ಸಿ.ಯ ದೂರದರ್ಶನದಲ್ಲಿಯೂ ಹಾಡಿತು.

ಶರೀಫರು 1819ರಿಂದ 1889ರವರೆಗೆ ಬಾಳಿದವರು. ಅವರ ಊರು ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ. ಮುಸಲ್ಮಾನರಾಗಿ ಹುಟ್ಟಿ, ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದರು. ಅವರ ಪದಗಳು ಬಹುಕಾಲ ಬಾಯಿಂದ ಬಾಯಿಗೆ ನಡೆದುಬಂದವು. ಸಿ. ಅಶ್ವತ್ಥರ ಕಂಠದಿಂದ ಕ್ಯಾಸೆಟ್ಟಿನ ಕಾಲದಲ್ಲಿ ಮನೆಮನೆಗೆ ಬಂದವು. 1990ರ ನಾಗಾಭರಣರ ಚಲನಚಿತ್ರದಿಂದ ಇನ್ನೂ ಹಬ್ಬಿದವು. ಬಾಯಿ, ಕ್ಯಾಸೆಟ್ಟು, ಚಿತ್ರ, ಆಲ್ಬಮ್: ಪಾತ್ರೆ ಬದಲಾಗುತ್ತ ಬಂದಿತು.

ಸಂತನ ಪದಕ್ಕೆ ಡ್ರಮ್ಮಿನ ಅಬ್ಬರವೇಕೆ ಎಂದು ಕೇಳುವ ಹಿರಿಯರುಂಟು. ಅವರಿಗೆ ನನ್ನ ಉತ್ತರ ಇಷ್ಟೆ: ಶರೀಫರು ತಮ್ಮ ಕಾಲದ ಹೊಸತಿಗೆ ಹೆದರಿದವರಲ್ಲ. ಹೊಗೆ ಸೇದುವ ಗುಡುಗುಡಿಯನ್ನೇ ಒಳಗಿನ ರೋಗ ಕಳೆಯುವ ಸಾಧನೆಗೆ ರೂಪಕ ಮಾಡಿದರು. ಆಗ ಹೊಸದಾಗಿ ಬಂದಿದ್ದ ಗಿರಣಿಯನ್ನೂ ಬಿಡದೆ ಪದವಾಗಿಸಿದರು. ಯಂತ್ರವನ್ನು ತತ್ತ್ವವಾಗಿಸಿದವರ ಪದ ಯಂತ್ರವನ್ನು ಏರಿದರೆ ಮೈಲಿಗೆಯೇನೂ ಇಲ್ಲ.

ಅಪಾಯವಿರುವುದು ಬೇರೆ ಕಡೆ. ಕೊರಟಗೆರೆ ತಾಲ್ಲೂಕಿನ ನಮ್ಮ ಹೊಳವನಹಳ್ಳಿಯಂತಹ ಊರುಗಳಲ್ಲಿ ತತ್ತ್ವಪದವೆಂದರೆ ಕೂಡಿ ಹಾಡುವ ಭಜನೆ. ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಳ್ಳಬೇಕು. ತಂಬೂರಿ ಹಿಡಿದವರು ನಡುವೆ ನಿಲ್ಲಿಸಿ ಅರ್ಥ ಹೇಳುವುದೂ ಉಂಟು. ಒಂದೂರಿನ ಪಾಠ ಇನ್ನೊಂದೂರಿನದಕ್ಕಿಂತ ಒಂದೆರಡು ಮಾತು ಬೇರೆ. ಸ್ಟುಡಿಯೋದಲ್ಲಿ ಹೀಗಲ್ಲ. ಒಂದೊಂದು ವಾದ್ಯವನ್ನೂ ಬೇರೆಬೇರೆಯಾಗಿ ಮುದ್ರಿಸಿ ಆಮೇಲೆ ಬೆಸೆಯಬಹುದು. ಬೆಸೆದದ್ದು ಮತ್ತೆ ಬದಲಾಗದು. ಆ ಒಂದೇ ಪಾಠ ಸಾವಿರಾರು ಕಿವಿಗಳಿಗೆ ಪ್ರಮಾಣವಾಗುತ್ತದೆ. ಕೇಳುವವರು ಹೆಚ್ಚುತ್ತಾರೆ, ಹಾಡುವವರು ಕಡಮೆಯಾಗುತ್ತಾರೆ.

ಇನ್ನು ಅರ್ಥದ ಮಾತು. ಸೋರುವುದು ಯಾವ ಮಾಳಿಗೆ? ಪಟ್ಟಣದ ಹುಡುಗನಿಗೆ ಮಾಳಿಗೆಯೆಂದರೆ ಮಹಡಿ. ಪದದ ಮಾಳಿಗೆಯಾದರೋ ತೊಲೆ ಜಂತೆಗಳ ಮೇಲೆ ಮಣ್ಣು ಹಾಕಿ ಗಟ್ಟಿಮಾಡಿದ ಮಟ್ಟಸ ಚಾವಣಿ. ಸಿರಾ, ಪಾವಗಡದ ಕಡೆಯೂ ಅಂತಹ ಮನೆಗಳಿದ್ದುವು. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಮಣ್ಣು ಸರಿಪಡಿಸದಿದ್ದರೆ ಮನೆಯವರಿಗೆ ನಿದ್ದೆಯಿಲ್ಲ. ದೇಹವೇ ಮನೆ, ಅಜ್ಞಾನವೇ ಸೋರಿಕೆ. ಎಚ್ಚತ್ತು ಹತ್ತಿ ನೋಡುವವರು ಬೇಕು. ಆ ಕಷ್ಟವನ್ನು ಅರಿತವರಿಗೆ ರೂಪಕ ಮೈಗೆ ತಾಗುತ್ತದೆ; ಅರಿಯದವರಿಗೆ ಇಂಪಾದ ಒಂದು ಪಲ್ಲವಿಯಾಗಿ ನಿಲ್ಲುತ್ತದೆ. ಗಿಟಾರು ಪದವನ್ನು ಕೆಡಿಸಲಿಲ್ಲ. ಮಣ್ಣಿನ ಮಾಳಿಗೆ ಹೋದಾಗ ಅರ್ಥಕ್ಕಿದ್ದ ಆಸರೆ ಹೋಯಿತು.

ಆದ್ದರಿಂದ ವಾಚಕರಲ್ಲಿ ನನ್ನ ಕೋರಿಕೆ ಎರಡು. ನಿಮ್ಮ ಮಕ್ಕಳು ಈ ಆಲ್ಬಮ್ ಕೇಳುತ್ತಿದ್ದರೆ ತಡೆಯಬೇಡಿ. ಪಕ್ಕದಲ್ಲಿ ಕುಳಿತು ಮಾಳಿಗೆಯೆಂದರೇನು, ಗುಡುಗುಡಿಯೆಂದರೇನು ಎಂದು ಹೇಳಿ. ಊರಿನ ಭಜನೆಯಲ್ಲಿ ಹಾಡುವ ಹಿರಿಯರಿದ್ದರೆ, ಅವರ ಪಾಠವನ್ನು ಒಂದು ಮಾತೂ ತಿದ್ದದೆ ಬರೆದಿಡಿ. ನೋಟುಪುಸ್ತಕವಾದರೂ ಸರಿ, ಕೈಯಲ್ಲಿರುವ ಫೋನಾದರೂ ಸರಿ, ಅದೇ ನಿಮ್ಮ ಕಡತ. ಬರೆದಾದ ಮೇಲೆ ಅದನ್ನು ಮುಚ್ಚಿ, ಮಕ್ಕಳೊಡನೆ ಒಮ್ಮೆ ಹಾಡಿ.