ಮಾಬನ್ ಹಬ್ಬಕ್ಕೆ ವಯಸ್ಸೆಷ್ಟು?

ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದು ನೆನಪಿದೆಯಾ? ಮಾರ್ಚ್ 21, ಸೆಪ್ಟೆಂಬರ್ 23 - ಹಗಲೂ ರಾತ್ರಿಯೂ ಸಮ. ಒಂದು ಮಾರ್ಕಿನ ಪ್ರಶ್ನೆಗೆ ಗ್ಯಾರಂಟಿ ಬರುತ್ತಿತ್ತು. ಆ ಒಂದು ಮಾರ್ಕು ಬಿಟ್ಟರೆ ಆ ದಿನಕ್ಕೂ ನನಗೂ ಯಾವ ಸಂಬಂಧವೂ ಇರಲಿಲ್ಲ, ಗ್ಲಾಸ್ಟರ್‌ನಲ್ಲಿ ಪಕ್ಕದ ಮನೆಯಾಕೆ ಊಟಕ್ಕೆ ಕರೆಯುವವರೆಗೂ.

ಕೆಲವು ವರ್ಷಗಳ ಹಿಂದಿನ ಮಾತು. ಕೆಲಸದ ಮೇಲೆ ಇಂಗ್ಲೆಂಡಿನ ಗ್ಲಾಸ್ಟರ್ ಎಂಬ ಊರಿನಲ್ಲಿದ್ದೆ. ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ಅರವತ್ತು ದಾಟಿದ ಹೆಂಗಸು, ಸೆಪ್ಟೆಂಬರ್ ಕೊನೆಯ ವಾರದಲ್ಲಿ "ನಾಳೆ ನಮ್ಮ ಮಾಬನ್ ಹಬ್ಬ, ಬಾ" ಅಂದರು. ಹೋದೆ. ಮೇಜಿನ ಮೇಲೆ ಸೇಬು, ಕಾಡುಹಣ್ಣು, ಗೋಧಿ ತೆನೆ, ಆಗಷ್ಟೇ ಬೇಯಿಸಿದ ಬ್ರೆಡ್ಡು, ಎರಡು ಮೇಣದಬತ್ತಿ. ಒಂದು ಬಿಳಿ, ಒಂದು ಕಪ್ಪು. ಹಗಲಿಗೊಂದು, ರಾತ್ರಿಗೊಂದಂತೆ. ಸೇಬನ್ನು ಅಡ್ಡಕ್ಕೆ ಕೊಯ್ದು, ಒಳಗೆ ಬೀಜಗಳು ಮಾಡಿದ ನಕ್ಷತ್ರ ತೋರಿಸಿದರು. ಈ ವರ್ಷ ಕೈಗೆ ಸಿಕ್ಕಿದ್ದೇನು, ಕೈ ಬಿಟ್ಟುಹೋಗಿದ್ದೇನು ಎಂದು ಒಂದೊಂದು ಮಾತು ಹೇಳಬೇಕು. ಅವರು ಹೇಳಿದ್ದು ಎರಡೇ ಮಾತು. ಸಿಕ್ಕಿದ್ದು ಈ ಸೇಬು. ಹೋಗಿದ್ದು ಅಮ್ಮ. ಆ ಸೇಬಿನ ಮರ ಅವರ ಅಮ್ಮ ನೆಟ್ಟಿದ್ದು.

ನನಗೆ ಏನು ಹೇಳಬೇಕೋ ತೋಚದೆ, ಎಲ್ಲರೂ ಕೇಳುವ ಪ್ರಶ್ನೆ ಕೇಳಿದೆ: "ಇದು ಎಷ್ಟು ಹಳೆಯ ಹಬ್ಬ?" "ತುಂಬಾ ಹಳೆಯದು" ಅಂದು ನಕ್ಕರು.

ಮನೆಗೆ ಬಂದು ಹುಡುಕಲು ಕೂತೆ. ಹುಡುಕಿದ್ದು ತಪ್ಪಾಯಿತೇನೋ ಅನ್ನಿಸುವಷ್ಟು ಬೇಗ ಉತ್ತರ ಸಿಕ್ಕಿತು. ಮಾಬನ್ ಎಂಬ ಹೆಸರು ಈ ಹಬ್ಬಕ್ಕೆ ಬಂದಿದ್ದು 1974ರಲ್ಲಿ! ನಮ್ಮ "ಭೂತಯ್ಯನ ಮಗ ಅಯ್ಯು" ಬಿಡುಗಡೆಯಾದ ವರ್ಷ :)

ಕತೆ ಹೀಗಿದೆ. ಕ್ರೈಸ್ತ ಮತಕ್ಕೂ ಮುಂಚಿನ ಯುರೋಪಿನ ದೇವದೇವತೆಗಳನ್ನು ಮತ್ತೆ ಪೂಜಿಸಬೇಕು ಎಂದು ಹೊರಟವರನ್ನು ಒಟ್ಟಾಗಿ ಪೇಗನ್ನರು ಅನ್ನುತ್ತಾರೆ. ಅದರಲ್ಲಿ ಒಂದು ದೊಡ್ಡ ಕವಲು ವಿಕ್ಕ. ಇದನ್ನು ಜಗತ್ತಿನ ಮುಂದಿಟ್ಟವರು ಜೆರಾಲ್ಡ್ ಗಾರ್ಡ್ನರ್ (1884-1964), ಮಲಯದಲ್ಲಿ ಸುಂಕದ ಅಧಿಕಾರಿಯಾಗಿದ್ದು ನಿವೃತ್ತರಾದವರು. ಇಂಗ್ಲೆಂಡಿನಲ್ಲಿ 1735ರ ಮಾಟಗಾತಿ ಕಾಯಿದೆ ರದ್ದಾಗಿದ್ದು 1951ರಲ್ಲಿ. ಅದಾದ ಮೂರೇ ವರ್ಷಕ್ಕೆ, 1954ರಲ್ಲಿ, ಗಾರ್ಡ್ನರ್ ತಮ್ಮ ಪುಸ್ತಕ "ವಿಚ್‌ಕ್ರಾಫ್ಟ್ ಟುಡೇ" ಹೊರತಂದರು.

ಮೊದಮೊದಲು ಅವರ ಗುಂಪಿಗೆ ನಾಲ್ಕು ಹಬ್ಬಗಳೇ ಮುಖ್ಯ. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳುಗಳ ಶುರುವಿನಲ್ಲಿ ಬರುವಂಥವು. ಇವಕ್ಕೆ ಹಳೆಯ ಐರಿಶ್ ಬೇರುಗಳಿವೆ. 1958ರಲ್ಲಿ ಲಂಡನ್ನಿಗೆ ಹತ್ತಿರದ ಬ್ರಿಕೆಟ್ ವುಡ್ ಗುಂಪಿನವರು ಎರಡು ಅಯನ, ಎರಡು ವಿಷುವ ದಿನಗಳನ್ನೂ ಅಷ್ಟೇ ದೊಡ್ಡದಾಗಿ ಆಚರಿಸೋಣ ಅಂದರು, ಗಾರ್ಡ್ನರ್ ಹೂಂ ಅಂದರು. ನಾಲ್ಕು ಮತ್ತು ನಾಲ್ಕು ಎಂಟಾಯಿತು. ಅವರ ಗೆಳೆಯ ರಾಸ್ ನಿಕೋಲ್ಸ್ 1964ರಲ್ಲಿ ಕಟ್ಟಿದ ಡ್ರೂಯಿಡ್ ಸಂಘದಲ್ಲೂ ಇದೇ ಎಂಟು ಹಬ್ಬ. ಇವತ್ತು ಪೇಗನ್ನರು "ವರ್ಷದ ಚಕ್ರ" ಅನ್ನುವುದು ಇದನ್ನೇ.

ಚಕ್ರವೇನೋ ಬಂತು, ಆದರೆ ಕೆಲವು ಕಡ್ಡಿಗಳಿಗೆ ಹೆಸರೇ ಇರಲಿಲ್ಲ. ಉಳಿದವಕ್ಕೆಲ್ಲ ಕಿವಿಗೆ ಇಂಪಾದ ಹೆಸರಿದ್ದು, ಇದಕ್ಕೆ ಮಾತ್ರ "ಶರತ್ಕಾಲದ ವಿಷುವ" ಅಂದರೆ ಪಂಚಾಂಗ ಓದಿದ ಹಾಗಾಗುತ್ತದಲ್ಲ! ಅಮೆರಿಕಾದ ಏಡನ್ ಕೆಲ್ಲಿ 1974ರಲ್ಲಿ ಒಂದು ಪೇಗನ್ ಕ್ಯಾಲೆಂಡರ್ ತಯಾರಿಸುತ್ತಿದ್ದಾಗ ಈ ಕಿರಿಕಿರಿ ಎದುರಾಯಿತು. ವಸಂತದ ವಿಷುವಕ್ಕೆ ಓಸ್ಟಾರ, ಬೇಸಿಗೆಯ ಅಯನಕ್ಕೆ ಲಿಥಾ ಎಂದು ಹಳೆಯ ಸ್ಯಾಕ್ಸನ್ ಮಾತುಗಳಿಂದ ಹೆಸರು ಹೊಂದಿಸಿಕೊಂಡರು. ಸೆಪ್ಟೆಂಬರಿಗೆ ಅಲ್ಲಿ ಏನೂ ಸಿಗಲಿಲ್ಲ.

ಅವರಿಗೆ ಹೊಳೆದಿದ್ದು ಗ್ರೀಸಿನ ಎಲ್ಯೂಸಿಸ್. ಅಲ್ಲಿ ಪ್ರಾಚೀನ ಕಾಲದಲ್ಲಿ ಹೆಚ್ಚುಕಡಿಮೆ ಇದೇ ಹೊತ್ತಿನಲ್ಲಿ ದೊಡ್ಡದೊಂದು ದೀಕ್ಷೆ ನಡೆಯುತ್ತಿತ್ತು. ಪಾತಾಳದ ದೊರೆ ಮಗಳನ್ನು ಎತ್ತಿಕೊಂಡು ಹೋದ, ಪೈರಿನ ದೇವತೆಯಾದ ತಾಯಿ ಅತ್ತಳು, ಭೂಮಿ ಬರಡಾಯಿತು, ಮಗಳು ಮರಳಿ ಬಂದಾಗ ಹಸಿರು ಬಂತು - ಇದು ಅದರ ಹಿಂದಿನ ಕತೆ. ಇಂಥದ್ದೇ, ಕಳೆದುಹೋದ ಮಗುವಿನ ಕತೆ ಉತ್ತರದ ಯುರೋಪಿನಲ್ಲಿ ಇದೆಯಾ ಎಂದು ಕೆಲ್ಲಿ ಹುಡುಕಿದಾಗ ಸಿಕ್ಕವನು ವೇಲ್ಸ್‌ನ ಮಾಬನ್. ಆ ಕ್ಯಾಲೆಂಡರನ್ನು "ಗ್ರೀನ್ ಎಗ್" ಎಂಬ ಪೇಗನ್ ಪತ್ರಿಕೆಗೆ ಕಳಿಸಿದರು, ಸಂಪಾದಕರು ಇಷ್ಟಪಟ್ಟು ಅಚ್ಚು ಹಾಕಿದರು. ಹೆಸರು ಊರೂರಿಗೆ ಹರಡಿತು.

ಮಜಾ ಏನು ಗೊತ್ತಾ? ವಿಕ್ಕ ಹಳೆಯ ಧರ್ಮವಲ್ಲ, ಗಾರ್ಡ್ನರ್ ಕಾಲದಲ್ಲೇ ಹುಟ್ಟಿದ್ದು ಎಂದು 1991ರಲ್ಲಿ ಪುಸ್ತಕ ಬರೆದು ತಮ್ಮವರನ್ನೇ ಕೆರಳಿಸಿದವರೂ ಇದೇ ಕೆಲ್ಲಿ. ಮಾಬನ್ ಹೆಸರು ತನ್ನದೇ ಕೈಕೆಲಸ ಎಂಬುದನ್ನೂ ಅವರು ಮುಚ್ಚಿಡದೆ ಬರೆದುಕೊಂಡಿದ್ದಾರೆ.

ಈಗ ಮಾಬನ್ ಕತೆಗೆ ಬರೋಣ. ಇದು ಮಾತ್ರ ನಿಜಕ್ಕೂ ಹಳೆಯದು. ವೇಲ್ಸ್‌ನ ಮಧ್ಯಯುಗದ "ಕಿಲ್ಹೂಖ್ ಮತ್ತು ಓಲ್ವೆನ್" ಎಂಬ ಕತೆಯೊಳಗೆ ಬರುತ್ತದೆ. ಮಾಬನ್ ಹುಟ್ಟಿ ಮೂರು ರಾತ್ರಿಗೇ ತಾಯಿ ಮೊದ್ರೊನಳ ಮಗ್ಗುಲಿನಿಂದ ಯಾರೋ ಅವನನ್ನು ಕದ್ದೊಯ್ದರು. ಬದುಕಿದ್ದಾನೋ ಇಲ್ಲವೋ ಯಾರಿಗೂ ತಿಳಿಯದು. ಒಂದು ಭಯಂಕರ ಹಂದಿಯ ಬೇಟೆಗೆ ಅವನೇ ಬೇಕು ಎಂದು ಅರಸ ಆರ್ಥರನ ಕಡೆಯವರು ಹುಡುಕಲು ಹೊರಡುತ್ತಾರೆ. ಮೊದಲು ಒಂದು ಕರಿಹಕ್ಕಿಯನ್ನು ಕೇಳುತ್ತಾರೆ. ನಾನು ಬಂದಾಗ ಇಲ್ಲೊಂದು ಕಮ್ಮಾರನ ಅಡಿಗಲ್ಲಿತ್ತು, ದಿನಾ ಸಂಜೆ ಕೊಕ್ಕು ತಿಕ್ಕಿ ತಿಕ್ಕಿ ಅದು ಕಾಯಿಯಷ್ಟಾಗಿದೆ, ಆದರೂ ಅವನ ಸುದ್ದಿ ಕೇಳಿಲ್ಲ ಅನ್ನುತ್ತದೆ. ತನಗಿಂತ ಹಳೆಯದು ಅಂತ ಸಾರಂಗವನ್ನು ತೋರಿಸುತ್ತದೆ. ಸಾರಂಗ ಗೂಬೆಯನ್ನು, ಗೂಬೆ ಹದ್ದನ್ನು, ಹದ್ದು ಕೊನೆಗೆ ಎಲ್ಲಕ್ಕಿಂತ ಹಳೆಯದಾದ ಸಾಲ್ಮನ್ ಮೀನನ್ನು. ನಾನು ಪ್ರತಿ ಉಬ್ಬರಕ್ಕೂ ನದಿಯಲ್ಲಿ ಮೇಲೆ ಹೋಗುತ್ತೇನೆ, ಒಂದು ಕೋಟೆಯ ಹತ್ತಿರ ಕೇಳಬಾರದ ಸಂಕಟ ಕೇಳಿದ್ದೇನೆ, ಬನ್ನಿ ಎಂದು ಮೀನು ಅವರಲ್ಲಿ ಇಬ್ಬರನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತದೆ. ಗೋಡೆಯಾಚೆ ಅಳುತ್ತಿದ್ದವನು ಮಾಬನ್. ಕೋಟೆ ಒಡೆದು ಬಿಡಿಸಿ ತರುತ್ತಾರೆ.

ಆ ಕೋಟೆಯ ಹೆಸರು ಕಾಯ್ರ್ ಲೋಯು. ಅಂದರೆ ಗ್ಲಾಸ್ಟರ್! ನಾನು ಬಾಡಿಗೆಗಿದ್ದ ಊರು! ರಾತ್ರಿ ಹನ್ನೆರಡಕ್ಕೆ ಇದನ್ನೋದಿ ಮೈ ಜುಂ ಅಂದಿತು.

ಇನ್ನೂ ಹಿಂದಕ್ಕೆ ಹೋದರೆ ಮಾಬನ್ ಎಂದರೆ ಬರೀ "ಮಗ", ಮೊದ್ರೊನ್ ಎಂದರೆ "ತಾಯಿ". ರೋಮನ್ನರ ಕಾಲದ ಬ್ರಿಟನ್ನಿನಲ್ಲಿ ಮಪೋನಸ್ ಎಂಬ ದೇವರಿಗೆ ಕೆತ್ತಿಸಿದ ಶಾಸನಗಳು ಹೇಡ್ರಿಯನ್ನನ ಗೋಡೆಯ ಸೀಮೆಯಲ್ಲಿ ಸಿಕ್ಕಿವೆ, ಅವನೇ ಇವನು. ತಾಯಿ ಮಾತ್ರೋನಾಳ ಹೆಸರು ಫ್ರಾನ್ಸಿನ ಮಾರ್ನ್ ನದಿಯಲ್ಲಿ ಉಳಿದಿದೆ. ಆದರೆ ಕತೆಯಲ್ಲಾಗಲಿ ಶಾಸನದಲ್ಲಾಗಲಿ ಸೆಪ್ಟೆಂಬರಿನ ಈ ದಿನದ ಮಾತೇ ಇಲ್ಲ. ದೇವರು ಹಳಬ, ದಿನ ಹಳೆಯದು, ಎರಡಕ್ಕೂ ಗಂಟು ಹಾಕಿದ್ದು ಮಾತ್ರ 1974.

ದಿನ ಹಳೆಯದು ಅಂದೆನಲ್ಲ, ಐರ್ಲೆಂಡಿನ ಲಾಕ್ರೂ ಎಂಬಲ್ಲಿ ಸುಮಾರು 5000 ವರ್ಷ ಹಳೆಯ ಸಮಾಧಿಯೊಂದಿದೆ. ವಿಷುವದ ಬೆಳಗಿನ ಬಿಸಿಲು ನೇರ ಒಳಗೆ ಬಿದ್ದು ಹಿಂಗೋಡೆಯ ಕೆತ್ತನೆಯನ್ನು ಬೆಳಗುತ್ತದೆ. ಕಟ್ಟಿದವರಿಗೆ ಈ ದಿನ ಗೊತ್ತಿತ್ತು ಅನ್ನಬಹುದು. ಆದರೆ ಬ್ರಿಟನ್ನಿನಲ್ಲಿ ಅಂದು ಹಬ್ಬ ಮಾಡುತ್ತಿದ್ದರು ಎನ್ನಲು ಗಟ್ಟಿ ಪುರಾವೆ ಇಲ್ಲ ಎಂದು ಇತಿಹಾಸಕಾರ ರೊನಾಲ್ಡ್ ಹಟನ್ ಬರೆದಿದ್ದಾರೆ. ರೈತರು ಕೊಯ್ಲು ಮುಗಿದ ದಿನ ಹಬ್ಬ ಮಾಡುತ್ತಿದ್ದರು. ಪೈರು ಪಂಚಾಂಗ ನೋಡುವುದಿಲ್ಲವಲ್ಲ!

ಹಾಗಾದರೆ ಪೇಗನ್ನರದ್ದು ಮಾತ್ರ ಹೊಸದಾ? ಇಂಗ್ಲೆಂಡಿನ ಚರ್ಚುಗಳಲ್ಲಿ ಇದೇ ಹೊತ್ತಿಗೆ ಸುಗ್ಗಿ ಪ್ರಾರ್ಥನೆ ನಡೆಯುತ್ತದೆ, ನೋಡಿದರೆ ಸಾವಿರ ವರ್ಷದ್ದು ಅನ್ನಬೇಕು. ಅದರ ಈಗಿನ ರೂಪ ಶುರುವಾಗಿದ್ದು 1843ರಲ್ಲಿ, ಕಾರ್ನ್‌ವಾಲ್‌ನ ಮಾರ್ವೆನ್‌ಸ್ಟೋ ಎಂಬ ಹಳ್ಳಿಯಲ್ಲಿ, ರಾಬರ್ಟ್ ಹಾಕರ್ ಎಂಬ ಪಾದ್ರಿಯಿಂದ. ಡ್ರೂಯಿಡರು ಈ ದಿನಕ್ಕೆ ಕೊಡುವ "ಆಲ್ಬನ್ ಎಲ್ವೆಡ್" ಎಂಬ ಹೆಸರೂ ಅಷ್ಟೇ. ಅದು ಕಲ್ಲುಕುಟಿಗನಾಗಿದ್ದ ಕವಿ ಯೋಲೋ ಮೋರ್ಗಾನುಗ್ (1747-1826) ಬರಹಗಳಿಂದ ಬಂದದ್ದು. ಆತ ತಾನೇ ಬರೆದು ಪ್ರಾಚೀನರದ್ದು ಎಂದು ನಂಬಿಸಿದ ಮಹಾಶಯ!

ನಮ್ಮ ಕಡೆಯೂ ಒಮ್ಮೆ ನೋಡಿ. ತುಲಾ ಸಂಕ್ರಮಣ ಅಂದರೆ ಲೆಕ್ಕದಲ್ಲಿ ಇದೇ ಶರದ್ ವಿಷುವ. ನಮ್ಮ ಪಂಚಾಂಗ ನಕ್ಷತ್ರಗಳನ್ನು ಹಿಡಿದು ಎಣಿಸುತ್ತದೆ, ಹಾಗಾಗಿ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಜಾರಿ ಜಾರಿ ಈಗ ಅಕ್ಟೋಬರ್ 17ರ ಆಸುಪಾಸಿಗೆ ಬಂದಿದೆ. ಅಂದು ತಲಕಾವೇರಿಯಲ್ಲಿ ತೀರ್ಥೋದ್ಭವ. ಹಗಲು-ರಾತ್ರಿ ಸಮವಾಗಿ ಮೂರು ವಾರದ ಮೇಲಾಗಿರುತ್ತದೆ. ಅಷ್ಟಕ್ಕೇ ಆ ತೀರ್ಥ ಸುಳ್ಳಾಯಿತಾ?

ಮರುದಿನ ಪಕ್ಕದ ಮನೆಗೆ ಪಾತ್ರೆ ವಾಪಸ್ ಕೊಡಲು ಹೋದವನು, ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. 1974, ಕ್ಯಾಲೆಂಡರ್, ಕೆಲ್ಲಿ, ಎಲ್ಲ. ಹೇಳುತ್ತಾ ಹೇಳುತ್ತಾ ನನಗೇ ನಾಚಿಕೆಯಾಗತೊಡಗಿತು. ಅಮ್ಮನನ್ನು ಕಳೆದುಕೊಂಡವರ ಮುಂದೆ ದಾಖಲೆ ಹಿಡಿದುಕೊಂಡು ನಿಂತಿದ್ದೆ. ಅವರು ಸಿಟ್ಟಾಗಲಿಲ್ಲ. "ಗೊತ್ತು ಕಣಪ್ಪಾ" ಅನ್ನುವ ಧಾಟಿಯಲ್ಲಿ ತಲೆಯಾಡಿಸಿ, "ಆ ಕ್ಯಾಲೆಂಡರ್ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಹಳೆಯದು ಅಂದಿದ್ದು ಹಬ್ಬಕ್ಕಲ್ಲ, ಅಳುವಿಗೆ" ಅಂದರು.

ಅಲ್ಲಿಗೆ ನನ್ನ ಸಂಶೋಧನೆ ಮುಗಿಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಸುಮಾರು 74,000 ಜನ ತಮ್ಮ ಧರ್ಮ ಪೇಗನ್ ಎಂದು ಬರೆಸಿದರು. ಅವರಲ್ಲಿ ಎಷ್ಟೋ ಜನಕ್ಕೆ ಈ ಹಬ್ಬದ ವಯಸ್ಸು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಕೊನೆಗೊಂದು ಮಾತು. ಗ್ಲಾಸ್ಟರ್‌ನ ಸೆವರ್ನ್ ನದಿಗೆ ಸಮುದ್ರದ ಉಬ್ಬರ ಗೋಡೆಯಂತೆ ಎದ್ದು ಹಿಮ್ಮುಖವಾಗಿ ನುಗ್ಗಿ ಬರುತ್ತದೆ. ಅದು ಅತಿ ಎತ್ತರವಾಗಿ ಬರುವುದು ವರ್ಷದ ಎರಡು ವಿಷುವಗಳ ಆಸುಪಾಸಿನಲ್ಲಿ. ಆ ಹಳೆಯ ಮೀನು ಉಬ್ಬರದ ಜೊತೆ ಕೋಟೆಗೆ ಹೋಗಿ ಅಳು ಕೇಳಿಸಿಕೊಂಡದ್ದೂ ಇಂಥದ್ದೇ ದಿನವಾ? ಇದು ಪುರಾವೆಯಲ್ಲ, ನನ್ನ ಕಲ್ಪನೆ ಅಷ್ಟೇ. ಏನಂತೀರಿ, ನಾನೂ ಒಂದು ಗಂಟು ಹಾಕಿಬಿಡಲಾ?