ದಪ್ಪ ಉಕ್ಕಿನ ಪ್ಲೇಟ್ ಇದ್ದರೆ ಸಿಡಿದ ಲೋಹದ ಚೂರು ತೂರುವುದಿಲ್ಲವೇ? ಲೆಕ್ಕ ಹಾಕುವುದು ಹೇಗೆ?

ಸಾರಾಂಶ: "ಮಷಿನ್ ಮುಂದೆ ಒಂದು ದಪ್ಪ ಉಕ್ಕಿನ ಪ್ಲೇಟ್ ನಿಲ್ಲಿಸಿ, ಏನೇ ಸಿಡಿದರೂ ಭಯವಿಲ್ಲ" ಎಂಬ ಸಲಹೆ ವರ್ಕ್‌ಶಾಪ್‌ಗಳಲ್ಲೂ ಫಾರ್ವರ್ಡ್‌ಗಳಲ್ಲೂ ಕೇಳಿಬರುತ್ತದೆ. ನಮ್ಮ ಪರಿಶೀಲನೆಯ ಪ್ರಕಾರ ಇದು ಅರ್ಧ ಸತ್ಯ. ಪ್ಲೇಟ್‌ನ ದಪ್ಪವಷ್ಟೇ ಅಲ್ಲ, ಚೂರಿನ ವೇಗ, ತೂಕ, ತುದಿಯ ಆಕಾರ, ಬಡಿಯುವ ಕೋನ ಮತ್ತು ಉಕ್ಕಿನ ಗುಣ ಎಲ್ಲವೂ ಸೇರಿ ಫಲಿತಾಂಶ ನಿರ್ಧಾರವಾಗುತ್ತದೆ.

ವೇಗವೇ ಮೊದಲ ಶತ್ರು

ಚೂರಿನ ತೂಕ ಎರಡು ಪಟ್ಟಾದರೆ ಅದರ ಶಕ್ತಿಯೂ ಎರಡು ಪಟ್ಟಾಗುತ್ತದೆ. ಆದರೆ ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. 10 ಗ್ರಾಂ ತೂಕದ ಚೂರು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಬಂದರೆ ಅದರಲ್ಲಿ 50 ಜೌಲ್ ಶಕ್ತಿ ಇರುತ್ತದೆ. ಅದೇ ಚೂರು 200 ಮೀಟರ್ ವೇಗದಲ್ಲಿ ಬಂದರೆ 200 ಜೌಲ್. ಹಾಗಾಗಿ "ಚಿಕ್ಕ ಚೂರು, ಏನು ಮಾಡೀತು?" ಎನ್ನುವಂತಿಲ್ಲ.

ಚೂಪಾದ ಚೂರೇ ಹೆಚ್ಚು ಅಪಾಯವೇ?

ಹೆಚ್ಚಿನವರು ಹೌದು ಎನ್ನುತ್ತಾರೆ. ನಾರ್ವೆಯ ಟ್ರಾಂಡ್‌ಹೈಮ್‌ನ ಸಂಶೋಧಕರ ಪ್ರಯೋಗಗಳು ಬೇರೆಯದನ್ನೇ ತೋರಿಸಿವೆ. ಅವರು 12 ಮಿ.ಮೀ. ದಪ್ಪದ ವೆಲ್ಡಾಕ್ಸ್ 460 ಎಂಬ ಉಕ್ಕಿನ ಪ್ಲೇಟ್‌ಗೆ 20 ಮಿ.ಮೀ. ವ್ಯಾಸದ, ಸುಮಾರು 200 ಗ್ರಾಂ ತೂಕದ ಗಟ್ಟಿ ಉಕ್ಕಿನ ತುಂಡುಗಳನ್ನು ಹೊಡೆದು ನೋಡಿದರು. ತೂಕ, ವ್ಯಾಸ ಒಂದೇ, ತುದಿ ಮಾತ್ರ ಬೇರೆ. ಚಪ್ಪಟೆ ತುದಿಯ ತುಂಡು ಸೆಕೆಂಡಿಗೆ ಸುಮಾರು 185 ಮೀಟರ್ ವೇಗದಲ್ಲೇ ಪ್ಲೇಟ್ ತೂರಲು ಶುರು ಮಾಡಿತು. ಶಂಕುವಿನಂತೆ ಚೂಪಾದ ತುಂಡಿಗೆ ಸುಮಾರು 290 ಮೀಟರ್ ವೇಗ ಬೇಕಾಯಿತು. ಶಕ್ತಿಯ ಲೆಕ್ಕದಲ್ಲಿ ಹೇಳುವುದಾದರೆ, ಚಪ್ಪಟೆ ತುಂಡಿಗೆ ಬೇಕಾದದ್ದು ಚೂಪು ತುಂಡಿನ ಅರ್ಧಕ್ಕಿಂತ ಕಡಿಮೆ.

ಇದಕ್ಕೆ ಕಾರಣವಿದೆ. ಚೂಪು ತುದಿ ಉಕ್ಕನ್ನು ಅಕ್ಕಪಕ್ಕಕ್ಕೆ ಸರಿಸಿಕೊಂಡು ಒಳನುಗ್ಗಬೇಕು, ಹಿಟ್ಟಿನ ಮುದ್ದೆಗೆ ಬೆರಳು ತೂರಿಸಿದ ಹಾಗೆ. ಅದಕ್ಕೆ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಚಪ್ಪಟೆ ತುದಿ ಹಾಗಲ್ಲ. ಅದರ ಅಂಚಿನ ಸುತ್ತ ಬಹಳ ತೆಳುವಾದ ಒಂದು ಪಟ್ಟಿಯಲ್ಲಿ ಮಾತ್ರ ಉಕ್ಕು ಹರಿಯುತ್ತದೆ. ಕ್ಷಣಮಾತ್ರದಲ್ಲಿ ನಡೆಯುವುದರಿಂದ ಅಲ್ಲಿ ಹುಟ್ಟಿದ ಬಿಸಿ ಬೇರೆಡೆ ಹರಡಲು ಸಮಯವೇ ಸಿಗುವುದಿಲ್ಲ. ಆ ಪಟ್ಟಿ ಮೆತ್ತಗಾಗಿ, ಪಂಚಿಂಗ್ ಮಷಿನ್ ಕಾಗದದಲ್ಲಿ ತೂತು ಕೊರೆದಂತೆ ಒಂದು ಬಿಲ್ಲೆ ಕಳಚಿ ಹಿಂದಕ್ಕೆ ಹಾರುತ್ತದೆ. ಈಗ ಆ ಬಿಲ್ಲೆಯೂ ಒಂದು ಚೂರೇ! ಗಮನಿಸಿ, ಪ್ಲೇಟ್‌ನ ದಪ್ಪ ಬದಲಾದರೆ ಈ ಹೋಲಿಕೆಯೂ ಬದಲಾಗಬಹುದು.

ಹೆಚ್ಚು ಗಟ್ಟಿ ಉಕ್ಕು ಹಾಕಿದರೆ?

ಅದೇ ತಂಡದ ಮುಂದಿನ ಪ್ರಯೋಗದಲ್ಲಿ ಇನ್ನೂ ಬಲವಾದ ವೆಲ್ಡಾಕ್ಸ್ 700 ಮತ್ತು 900 ಉಕ್ಕನ್ನೂ ಪರೀಕ್ಷಿಸಲಾಯಿತು. ಚೂಪು ತುಂಡುಗಳ ಎದುರು ಬಲವಾದ ಉಕ್ಕು ಹೆಚ್ಚು ತಡೆಯಿತು. ಚಪ್ಪಟೆ ತುಂಡಿನ ಎದುರು ಮಾತ್ರ ಬಲ ಹೆಚ್ಚಿದರೂ ತಡೆಯುವ ಶಕ್ತಿ ಕುಗ್ಗಿತು. "ದುಬಾರಿ ಉಕ್ಕು ಎಂದರೆ ಹೆಚ್ಚು ರಕ್ಷಣೆ" ಎಂಬ ಮಾತು ಎಲ್ಲ ಸಂದರ್ಭಕ್ಕೂ ಸರಿಯಲ್ಲ.

ಎಂಜಿನಿಯರ್‌ಗಳು ಮೊದಲೇ ಹೇಗೆ ಅಂದಾಜಿಸುತ್ತಾರೆ?

1. ಪರೀಕ್ಷೆ: ಬೇರೆ ಬೇರೆ ವೇಗದಲ್ಲಿ ಹೊಡೆದು, ಅರ್ಧದಷ್ಟು ಸಲ ತೂರುವ ವೇಗವನ್ನು ಕಂಡುಹಿಡಿಯುತ್ತಾರೆ. ಇದಕ್ಕೆ ವಿ-50 ಎಂದು ಹೆಸರು. ನಿಜವಾದ ಚೂರುಗಳು ಒಂದರಂತೆ ಒಂದಿರುವುದಿಲ್ಲ. ಅದಕ್ಕೇ ನಿಗದಿತ ಆಕಾರದ ಉಕ್ಕಿನ ತುಂಡುಗಳನ್ನು ಬಳಸುತ್ತಾರೆ.

2. ಸೂತ್ರ: ರೆಕ್ಟ್ ಮತ್ತು ಇಪ್ಸನ್ 1963ರಲ್ಲಿ ಕೊಟ್ಟ ಸೂತ್ರದಿಂದ, ತೂರಿದ ಮೇಲೆ ಚೂರಿನಲ್ಲಿ ಉಳಿಯುವ ವೇಗವನ್ನು ಲೆಕ್ಕ ಹಾಕಬಹುದು.

3. ಕಂಪ್ಯೂಟರ್: ಜಾನ್ಸನ್ ಮತ್ತು ಕುಕ್ 1983 ಹಾಗೂ 1985ರಲ್ಲಿ ಪ್ರಕಟಿಸಿದ ಮಾದರಿಗಳು ಇಂದಿಗೂ ಬಳಕೆಯಲ್ಲಿವೆ. ಲೋಹ ಎಷ್ಟು ಹಿಗ್ಗಿದೆ, ಎಷ್ಟು ಬೇಗ ಹಿಗ್ಗುತ್ತಿದೆ, ಎಷ್ಟು ಬಿಸಿಯಾಗಿದೆ ಎಂಬುದನ್ನು ನೋಡಿ ಅದು ಯಾವಾಗ ಹರಿಯುತ್ತದೆ ಎಂದು ಅವು ಹೇಳುತ್ತವೆ. ಆದರೆ ಆ ಉಕ್ಕಿನ ಅಂಕಿಅಂಶ ತಪ್ಪಾದರೆ ಉತ್ತರವೂ ತಪ್ಪು. ಆದ್ದರಿಂದ ಪರೀಕ್ಷೆಯೊಂದಿಗೆ ತಾಳೆ ನೋಡದೆ ಕಂಪ್ಯೂಟರ್ ಚಿತ್ರವನ್ನು ನಂಬುವಂತಿಲ್ಲ.

ಎಲ್ಲವನ್ನೂ ತಡೆಯಲು ಸಾಧ್ಯವೇ?

ಇಲ್ಲ. ವಿಮಾನದ ಎಂಜಿನ್‌ನಲ್ಲಿ ಒಂದು ಬ್ಲೇಡ್ ಮುರಿದರೆ ಅದರ ಕವಚವೇ ತಡೆಯಬೇಕು ಎಂಬ ನಿಯಮವಿದೆ. ಬ್ಲೇಡ್‌ಗಳನ್ನು ಹಿಡಿದಿರುವ ಡಿಸ್ಕ್ ಒಡೆದರೆ ಆ ಶಕ್ತಿಯನ್ನು ತಡೆಯುವಷ್ಟು ಭಾರದ ಕವಚ ಹೊತ್ತು ಹಾರುವುದು ಕಷ್ಟ. 1989ರ ಜುಲೈ 19ರಂದು ಅಮೆರಿಕದ ಯುನೈಟೆಡ್ 232 ವಿಮಾನದಲ್ಲಿ ಹೀಗೇ ಆಯಿತು. ಬಾಲದ ಎಂಜಿನ್‌ನ ಫ್ಯಾನ್ ಡಿಸ್ಕ್ ಒಡೆದು, ಚೂರುಗಳು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಹಾಳುಮಾಡಿದವು. ಅಯೋವಾದ ಸೂ ಸಿಟಿಯಲ್ಲಿ ವಿಮಾನ ಅಪ್ಪಳಿಸಿತು. ನೂರಕ್ಕೂ ಹೆಚ್ಚು ಮಂದಿ ಸತ್ತರು. ಡಿಸ್ಕ್‌ನಲ್ಲಿದ್ದ ಬಿರುಕು ತಪಾಸಣೆಯಲ್ಲಿ ಕಣ್ತಪ್ಪಿತ್ತು. ಪಾಠ ಸ್ಪಷ್ಟ: ಸಿಡಿದ ಮೇಲೆ ತಡೆಯುವುದಕ್ಕಿಂತ ಸಿಡಿಯದಂತೆ ನೋಡಿಕೊಳ್ಳುವುದೇ ಮೇಲು.

ನೀವು ಮಾಡಬೇಕಾದದ್ದು

ವೆಲ್ಡಿಂಗ್ ಶಾಪ್‌ನ ಗ್ರೈಂಡರ್‌ಗೂ ಇದೇ ಲೆಕ್ಕ ಅನ್ವಯಿಸುತ್ತದೆ. 4 ಇಂಚಿನ ಮಷಿನ್ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಡಿಸ್ಕ್‌ನ ಅಂಚಿನ ವೇಗ ಸೆಕೆಂಡಿಗೆ ಸುಮಾರು 58 ಮೀಟರ್. ಗಾರ್ಡ್ ಬಿಚ್ಚಿ ಅದಕ್ಕೇ 7 ಇಂಚಿನ ಡಿಸ್ಕ್ ಹಾಕಿದರೆ ಸುಮಾರು 100 ಮೀಟರ್! ಸಾಮಾನ್ಯವಾಗಿ ಡಿಸ್ಕ್ ಮೇಲೆ ಬರೆದಿರುವ ಮಿತಿ 80 ಮೀಟರ್. ಹಾಗಾಗಿ ಗಾರ್ಡ್ ಬಿಚ್ಚಬೇಡಿ, ಡಿಸ್ಕ್ ಮೇಲಿನ ವೇಗದ ಮಿತಿ ಓದಿ, ಬಿರುಕಿದ್ದರೆ ಎಸೆಯಿರಿ, ಕಣ್ಣಿಗೆ ಕನ್ನಡಕ ಮತ್ತು ಮುಖಕ್ಕೆ ಶೀಲ್ಡ್ ಹಾಕಿ, ಡಿಸ್ಕ್ ತಿರುಗುವ ನೇರಕ್ಕೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ.

ತೀರ್ಮಾನ: ದಪ್ಪ ಪ್ಲೇಟ್ ನೆರವಾಗುತ್ತದೆ, ಆದರೆ "ಏನೇ ಸಿಡಿದರೂ ಭಯವಿಲ್ಲ" ಎಂಬುದು ದಾರಿತಪ್ಪಿಸುವ ಮಾತು. ಇಂಥ ಸಲಹೆಯನ್ನು ಫಾರ್ವರ್ಡ್ ಮಾಡುವ ಮುನ್ನ, ಅದನ್ನು ನಂಬಿ ಮಷಿನ್ ಮುಂದೆ ನಿಲ್ಲುವ ಹುಡುಗನನ್ನು ಒಮ್ಮೆ ನೆನೆಯಿರಿ.